ಮನಸ್ಸಿನ ಅಧ್ಯಯನಕ್ಕೆ ಅಂಕಿಯೋ, ಮಾತೋ?

ಪ್ರಶ್ನೆ: ನಾನು ಮನಃಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಮಳೆಗಾಲದ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಬೈತಖೋಲ ಬಂದರಿನ ದೋಣಿ ಕೆಲಸಗಾರರ ಮನೆಯ ಹೆಂಗಸರು ಅನುಭವಿಸುವ ಒತ್ತಡವನ್ನು ಕಿರುಪ್ರಬಂಧಕ್ಕೆ ಆರಿಸಿಕೊಂಡಿದ್ದೇನೆ. ಪ್ರಶ್ನಾವಳಿ, ಸಂದರ್ಶನ – ಇವುಗಳಲ್ಲಿ ಯಾವುದು ಹೆಚ್ಚು ವೈಜ್ಞಾನಿಕ?
– ಓದುಗರೊಬ್ಬರು, ಕಾರವಾರ

ಉತ್ತರ: ನೀವು ತಿಳಿಯಬೇಕೆಂದಿರುವುದು ಏನು ಎಂಬುದು ಮೊದಲು ತೀರ್ಮಾನವಾಗಲಿ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳಲ್ಲಿ ಒತ್ತಡವು ಉಳಿದ ತಿಂಗಳುಗಳಿಗಿಂತ ಹೆಚ್ಚುತ್ತದೆಯೇ ಎಂಬುದು ನಿಮ್ಮ ಪ್ರಶ್ನೆಯಾದರೆ ಅಂಕಿಗಳು ಬೇಕೇ ಬೇಕು. ಅದೇ ಮನೆಗಳಿಗೆ ಡಿಸೆಂಬರಿನಲ್ಲೂ ಹೋಗಬೇಕು. ಖಿನ್ನತೆಯ ಲಕ್ಷಣಗಳನ್ನು ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ ಒಂಬತ್ತು ಪ್ರಶ್ನೆಗಳಿದ್ದು, ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕವಿದೆ. ಎಲ್ಲರಿಗೂ ಒಂದೇ ಅಳತೆಯಾದ್ದರಿಂದ ಹೋಲಿಕೆ ಸಾಧ್ಯ, ಇನ್ನೊಬ್ಬರು ಮರುಪರಿಶೀಲಿಸಲೂಬಹುದು. ಆದರೆ 14 ಅಂಕ ಪಡೆದ ಇಬ್ಬರಲ್ಲಿ ಒಬ್ಬಳನ್ನು ಸಾಲದ ಕಂತು, ಇನ್ನೊಬ್ಬಳನ್ನು ಗಂಡನ ಕುಡಿತ ಕಾಡುತ್ತಿರಬಹುದು. ಅಂಕ ಅದನ್ನು ಹೇಳುವುದಿಲ್ಲ.

1963ರಲ್ಲಿ ಪ್ರಕಟವಾದ, ಅಮೆರಿಕದ ಮನಃಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಅವರ ವಿಧೇಯತೆಯ ಪ್ರಯೋಗವನ್ನು ನೀವು ಓದಿರುತ್ತೀರಿ. 40 ಮಂದಿಯಲ್ಲಿ 26 ಮಂದಿ, ಅಂದರೆ ಶೇ. 65ರಷ್ಟು ಜನ, ಪಕ್ಕದ ಕೋಣೆಯಲ್ಲಿದ್ದವನಿಗೆ ನಿಜವಾಗಿಯೇ ವಿದ್ಯುತ್ ಆಘಾತ ತಗಲುತ್ತಿದೆಯೆಂದು ನಂಬಿಯೂ, ಪ್ರಯೋಗ ನಡೆಸುವವನ ಆಜ್ಞೆಯಂತೆ 450 ವೋಲ್ಟಿನವರೆಗೂ ಗುಂಡಿ ಒತ್ತಿದರು; ಆಘಾತ ನಿಜಕ್ಕೂ ಇರಲಿಲ್ಲ. ಇಷ್ಟನ್ನೇ ಓದಿದರೆ ಅವರು ಕಲ್ಲೆದೆಯವರೆನಿಸುತ್ತದೆ. ಅವರಲ್ಲಿ ಅನೇಕರು ಬೆವರಿದ್ದನ್ನು, ನಡುಗಿದ್ದನ್ನು, ತೊದಲಿದ್ದನ್ನು, ಕೆಲವರು ತಡೆಯಲಾರದೆ ನಕ್ಕಿದ್ದನ್ನು ಮಿಲ್‌ಗ್ರಾಮ್ ದಾಖಲಿಸದೆ ಹೋಗಿದ್ದರೆ, ಒಳಗೊಳಗೇ ಒದ್ದಾಡುತ್ತಲೂ ಮನುಷ್ಯ ಆಜ್ಞೆ ಪಾಲಿಸುತ್ತಾನೆ ಎಂಬ ಮುಖ್ಯ ಸಂಗತಿಯೇ ನಮ್ಮ ಕೈತಪ್ಪುತ್ತಿತ್ತು.

ಹಾಗೆಂದು ಸಂದರ್ಶನ ನಿರ್ದೋಷವಲ್ಲ. ಹತ್ತು ಹನ್ನೆರಡು ಹೆಂಗಸರ ಮಾತು ಇಡೀ ಕರಾವಳಿಯ ಮಾತಾಗದು. ಧ್ವನಿಮುದ್ರಣವನ್ನು ಬರಹಕ್ಕಿಳಿಸಲು ವಾರಗಟ್ಟಲೆ ಹಿಡಿಯುತ್ತದೆ. ಸಂಶೋಧಕಿ ತನಗೆ ಬೇಕಾದುದನ್ನೇ ಹೆಕ್ಕಿಕೊಳ್ಳುವ ಅಪಾಯವೂ ಇದೆ. ಇದಕ್ಕಾಗಿಯೇ ಇಬ್ಬರು ಬೇರೆ ಬೇರೆಯಾಗಿ ಉತ್ತರಗಳನ್ನು ವರ್ಗೀಕರಿಸಿ, ಎಷ್ಟು ಹೊಂದಿಕೆಯಿದೆ ಎಂದು ನೋಡುವ ರೂಢಿಯಿದೆ. ನಿಮ್ಮನ್ನು ಪರಿಹಾರದ ಹಣಕ್ಕೆ ಹೆಸರು ಬರೆದುಕೊಳ್ಳಲು ಬಂದವರೆಂದು ಭಾವಿಸಿ ಕಷ್ಟವನ್ನು ಹಿಗ್ಗಿಸಿ ಹೇಳುವವರೂ ಇರಬಹುದು. ಈ ತೊಡಕು ಪ್ರಶ್ನಾವಳಿಯನ್ನೂ ಬಿಡುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ಮೊದಲು ಕೆಲವರೊಡನೆ ಅವರಿಗೆ ಸಲೀಸಾದ ಕೊಂಕಣಿಯಲ್ಲೋ ಕನ್ನಡದಲ್ಲೋ ಮಾತನಾಡಿ. ಪ್ರಶ್ನಾವಳಿಯ ಆಯ್ಕೆ ಆಮೇಲೆ. ಸಮಯ ಒಂದಕ್ಕೇ ಸಾಕೆಂದಾದರೆ ಸಂದರ್ಶನವನ್ನೇ ಉಳಿಸಿಕೊಳ್ಳಿ, ಶೇಕಡಾವಾರು ಲೆಕ್ಕ ಬರೆಯಲು ಹೋಗಬೇಡಿ. ಪಿಎಚ್‌ಕ್ಯೂ-9 ಬಳಸುವುದಾದರೆ, ಅದರ ಕೊನೆಯ ಪ್ರಶ್ನೆ ಸಾವಿನ ಯೋಚನೆಯ ಕುರಿತದ್ದು; ಹೌದೆಂದವರನ್ನು ಯಾವ ವೈದ್ಯರ ಬಳಿ ಕಳುಹಿಸಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡು, ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನೂ ಜೊತೆಗಿಟ್ಟುಕೊಂಡೇ ಮನೆಗಳಿಗೆ ಹೋಗಿ.