ನಿಮ್ಮ ಟ್ಯಾಂಕ್ ಓಡಾಡಿದ್ದು ಯಾವ ಊರಲ್ಲಿ?

1:35 ಅಳತೆಯ, ಅಂದರೆ ನಿಜದ್ದಕ್ಕಿಂತ 35 ಪಟ್ಟು ಚಿಕ್ಕದಾದ ಟಿ-55 ಟ್ಯಾಂಕ್ ಕಿಟ್ ಜೋಡಿಸಿ ಬಣ್ಣ ಹೊಡೆದಾಯಿತು, ಆದರೂ ಆಟದ ಸಾಮಾನಿನ ಹಾಗೇ ಕಾಣುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೀರಿ.

ಮೊದಲು ನನ್ನ ಪೆದ್ದುತನ ಹೇಳಿಬಿಡುತ್ತೇನೆ. ನಾನು ಕಲಬುರಗಿಯವನು. 1971ರ ಡಿಸೆಂಬರಿನ ಯುದ್ಧದಲ್ಲಿ ರಾಜಸ್ಥಾನದ ಲೋಂಗೇವಾಲಾ ಮರಳಲ್ಲಿ ಸಿಕ್ಕಿಬಿದ್ದ ಪಾಕಿಸ್ತಾನದ ಟಿ-59 (ನಿಮ್ಮ ಟಿ-55ರ ಹಾಗೇ ಕಾಣುವ ಚೀನಾ ಟ್ಯಾಂಕ್) ಮಾಡಲು ಹೊರಟಿದ್ದೆ. ಧೂಳು ಬೇಕಲ್ಲ, ಹೊಲದ ಎರೆ ಮಣ್ಣನ್ನೇ ಬಟ್ಟೆಯಲ್ಲಿ ಸೋಸಿ ಹಚ್ಚಿದೆ. ಗೆಳೆಯ ನೋಡಿ, "ಇದೇನು, ಜೇವರ್ಗಿ ತೊಗರಿ ಹೊಲದಾಗ ಲಡಾಯಿ ಮಾಡಿ ಬಂದದೇನೋ?" ಅಂದ. ಮರಳುಗಾಡಿಗೆ ಕಪ್ಪು ಮಣ್ಣು ಎಲ್ಲಿಂದ ಬರಬೇಕು? ಜೊತೆಗೆ ನಿಜವಾದ ಮಣ್ಣಿನ ಅರ್ಧ ಮಿಲಿಮೀಟರ್ ಕಾಳು ಈ ಅಳತೆಯಲ್ಲಿ ಪೌಣೆ ಎರಡು ಸೆಂಟಿಮೀಟರಿನ ಜಲ್ಲಿ. ಪ್ಯಾಸ್ಟಲ್ ಚಾಕ್ ಅರೆದ ಪುಡಿಯೇ ವಾಸಿ. ಗಾಡಿ ಓಡಿದ ಜಾಗ ಯಾವುದು ಅಂತ ಮೊದಲು ಗೊತ್ತು ಮಾಡಿಕೊಳ್ಳಿ, ಪುಡಿಯ ಬಣ್ಣ ಆಮೇಲೆ.

ಅದಕ್ಕೂ ಮುಂಚೆ ವಾಷ್, ಅಂದರೆ ಸಂದಿಗಳು ಎದ್ದು ಕಾಣಲಿ ಅಂತ ಬಿಡುವ ತೆಳು ಬಣ್ಣ. ಅಕ್ರಿಲಿಕ್ ಬಣ್ಣ ಪೂರ್ತಿ ಒಣಗಿದ ಮೇಲೆ ಹೊಳಪಿನ ವಾರ್ನಿಷ್ ಹೊಡೆಯಿರಿ. ಕಡು ಕಂದು ಆಯಿಲ್ ಬಣ್ಣವನ್ನು ಟರ್ಪೆಂಟೈನಿನಲ್ಲಿ ನೀರಾಗಿ ಕಲಸಿ, ಸಂದಿಗಳಿಗೆ, ಬೋಲ್ಟುಗಳ ಸುತ್ತ ಬಿಡಿ. ಅರ್ಧ ಗಂಟೆ ಬಿಟ್ಟು ಹೆಚ್ಚಾದದ್ದನ್ನು ಒರೆಸಿ. ನಮ್ಮ ಮೇ ತಿಂಗಳ ಬಿಸಿಲಲ್ಲಾದರೆ ಅಷ್ಟು ಕಾಯಬೇಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಟರ್ಪೆಂಟೈನ್ ಅಂತಲೇ ಕೇಳಿ; ಸುಮ್ನೆ "ತಿನ್ನರ್" ಅಂದರೆ ಎನ್‌ಸಿ (ನೈಟ್ರೊಸೆಲ್ಯುಲೋಸ್) ತಿನ್ನರ್ ಕೊಟ್ಟುಬಿಡುತ್ತಾರೆ. ಅದು ಬಣ್ಣವನ್ನಷ್ಟೇ ಅಲ್ಲ, ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ. ನನ್ನ ಒಂದು ಟ್ಯಾಂಕಿನ ಗೋಪುರ (ತೋಪು ಇರುವ ಮೇಲಿನ ಭಾಗ) ಹಾಗೇ ಹೋಯಿತು.

ತುಕ್ಕು ವಿಷಯದಲ್ಲಿ ಎಲ್ಲರೂ ಕೈ ಜಾಸ್ತಿ ಮಾಡುತ್ತಾರೆ. ನೀವಿಡುವ 1 ಮಿಲಿಮೀಟರ್ ಚುಕ್ಕೆ ನಿಜದ ಗಾಡಿಯಲ್ಲಿ ಮೂರೂವರೆ ಸೆಂಟಿಮೀಟರ್ ಬಣ್ಣ ಕಿತ್ತುಬಂದ ಹಾಗೆ! ಚೂರು ಸ್ಪಂಜನ್ನು ಬಣ್ಣಕ್ಕೆ ಅದ್ದಿ, ಕಾಗದಕ್ಕೆ ಒತ್ತಿ ಹೆಚ್ಚಾದ ಬಣ್ಣ ತೆಗೆದು, ಆಮೇಲೆ ಅಂಚುಗಳಿಗೆ ತಾಕಿಸಿದರೆ ಸಾಕು. ಟಿ-55ರ ಹೊಗೆ ಕೊಳವೆ ಎಡಗಡೆ ಫೆಂಡರಿನಲ್ಲಿದೆ (ಚೈನಿನ ಮೇಲಿನ ಮಡ್‌ಗಾರ್ಡ್). ತುಕ್ಕೂ ಮಸಿಯೂ ಅಲ್ಲಿ ಧಾರಾಳವಾಗಿರಲಿ.

ಟ್ಯಾಂಕಿನ ಚಕ್ರಗಳ ಸುತ್ತಲಿನ ಚೈನ್ ಹೇಗಿರಬೇಕು ಅನ್ನುವುದನ್ನು ಶಹಾಬಾದ್ ಕಲ್ಲಿನ ಗಣಿಯಲ್ಲಿ ಹಿಟಾಚಿ ನೋಡಿ ಕಲಿತೆ. ನೆಲಕ್ಕೆ ತಾಗುವ ಭಾಗ ಬೆಳ್ಳಿಯ ಹಾಗೆ ಮಿರಿಮಿರಿ, ಸಂದಿಯಲ್ಲೆಲ್ಲ ಧೂಳು. ಮಾಡೆಲ್‌ನಲ್ಲಿ ಆ ಉಬ್ಬುಗಳಿಗೆ ಮೆತ್ತನೆ ಪೆನ್ಸಿಲ್ ಉಜ್ಜಿ.

ಕೊನೆಗೆ ಪುಡಿ. ಕೆಳಗೆ ದಪ್ಪ, ಮೇಲೆ ತೆಳು. ಸಿಬ್ಬಂದಿ ಹತ್ತಿ ಇಳಿಯುವ ಜಾಗದಲ್ಲಿ ಒರೆಸಿಬಿಡಿ. ಪುಡಿಯ ಮೇಲೆ ವಾರ್ನಿಷ್ ಮಾತ್ರ ಹೊಡೆಯಬೇಡಿ, ಅರ್ಧ ಧೂಳು ಮಾಯವಾಗುತ್ತದೆ.