ಹಂಚಿಟ್ಟ ಮಾತ್ರಕ್ಕೆ ಗುರುತು ಅಡಗುವುದೇ?

ಪ್ರಶ್ನೆ: ಕಡತವೊಂದನ್ನು ತುಂಡು ಮಾಡಿ ಹಲವರ ಕಂಪ್ಯೂಟರುಗಳಲ್ಲಿ ಹಂಚಿಟ್ಟರೆ ಅದನ್ನು ಇಟ್ಟವರು ಯಾರೆಂಬುದು ತಾನಾಗಿಯೇ ಮರೆಯಾಗುತ್ತದೆ ಎಂದು ಗೆಳೆಯರೊಬ್ಬರು ವಾದಿಸುತ್ತಾರೆ. ಹಾಗಿದ್ದರೆ ಅಂತರಜಾಲದಲ್ಲಿ ಕಳಿಸಿದವರ ಗುರುತು ಮರೆಸುವ ಟಾರ್‌ನಂತಹ ಜಾಲ ಪ್ರತ್ಯೇಕವಾಗಿ ಏಕೆ ಬೇಕಾಯಿತು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮರೆಯಾಗುವುದಿಲ್ಲ. ಹಂಚಿಡುವುದರಿಂದ ಸಿಗುವುದು ಬಾಳಿಕೆ ಮಾತ್ರ. ಕಡತದಲ್ಲಿ 7 ಮತ್ತು 5 ಎಂಬ ಎರಡೇ ಸಂಖ್ಯೆಗಳಿವೆ ಎಂದಿಟ್ಟುಕೊಳ್ಳಿ. ಒಂದು ಯಂತ್ರದಲ್ಲಿ 7, ಇನ್ನೊಂದರಲ್ಲಿ 5, ಮೂರನೆಯದರಲ್ಲಿ ಅವುಗಳ ಮೊತ್ತ 12 ಇಟ್ಟರೆ, ಯಾವ ಒಂದು ಯಂತ್ರ ಕೆಟ್ಟರೂ ಉಳಿದೆರಡರಿಂದ ಇಡೀ ಕಡತವನ್ನು ಮರಳಿ ಪಡೆಯಬಹುದು. ಆದರೆ ಆ 7 ಯಾವ ವಿಳಾಸದಿಂದ ಬಂತೆಂಬುದು ಅದನ್ನು ಪಡೆದ ಯಂತ್ರಕ್ಕೆ ಗೊತ್ತೇ ಇರುತ್ತದೆ.

ಈ ತೊಡಕನ್ನು ಸಂಶೋಧಕರು ಕೈಯಾರೆ ಅನುಭವಿಸಿದ್ದಾರೆ. 2000ರ ಸುಮಾರಿಗೆ ಅಮೆರಿಕದ ಎಂಐಟಿಯಲ್ಲಿ ರೋಜರ್ ಡಿಂಗಲ್‌ಡೈನ್ ಮತ್ತು ಸಂಗಡಿಗರು ರೂಪಿಸಿದ, ಗುರುತು ಮರೆಸಿ ಕಡತ ಹಂಚಿಡುವ ಫ್ರೀ ಹೇವನ್ ಯೋಜನೆಯಲ್ಲಿ ಕಡತದ ತುಂಡುಗಳನ್ನು ಸರ್ವರುಗಳು ತಮ್ಮತಮ್ಮಲ್ಲೇ ವಿನಿಮಯ ಮಾಡಿಕೊಳ್ಳುತ್ತಿದ್ದವು. ಸಾಗಣೆಗೆ ಮಾತ್ರ, 1981ರಲ್ಲಿ ಗೂಢಲಿಪಿ ತಜ್ಞ ಡೇವಿಡ್ ಚೌಮ್ ಮುಂದಿಟ್ಟ ವಿಚಾರದಿಂದ ಬೆಳೆದ, ಹೆಸರು ಮರೆಸಿ ಕಳಿಸುವ ನಿಧಾನಗತಿಯ ಇ-ಅಂಚೆಯನ್ನೇ ನೆಚ್ಚಬೇಕಾಗಿತ್ತು. ಉಗ್ರಾಣಕ್ಕಿಂತ ಮೊದಲು ದಾರಿ ಗಟ್ಟಿಯಾಗಬೇಕಿತ್ತು. ಡಿಂಗಲ್‌ಡೈನ್ ಅವರು ನಿಕ್ ಮ್ಯಾಥ್ಯೂಸನ್ ಹಾಗೂ ಪಾಲ್ ಸೈವರ್ಸನ್ ಅವರೊಂದಿಗೆ, ಅಮೆರಿಕದ ನೌಕಾಪಡೆಯ ಸಂಶೋಧನಾಲಯದ 'ಈರುಳ್ಳಿ ಮಾರ್ಗ'ವನ್ನು ಆಧರಿಸಿ ಕಟ್ಟಿದ ಟಾರ್ ಆ ದಾರಿ. 2004ರಲ್ಲಿ ಅದರ ವಿನ್ಯಾಸ ಪ್ರಕಟವಾಯಿತು. ಅಲ್ಲಿ ಸಂದೇಶ ಸಾಮಾನ್ಯವಾಗಿ ಮೂರು ಯಂತ್ರಗಳನ್ನು ದಾಟುತ್ತದೆ, ಒಂದೊಂದೂ ಗೂಢಲಿಪಿಯ ಒಂದೊಂದು ಸಿಪ್ಪೆ ಸುಲಿಯುತ್ತದೆ. ಮೊದಲನೆಯದಕ್ಕೆ ಕಳಿಸಿದವರ ವಿಳಾಸ ಗೊತ್ತು, ಗುರಿ ಗೊತ್ತಿಲ್ಲ. ಕೊನೆಯದಕ್ಕೆ ಗುರಿ ಗೊತ್ತು, ಕಳಿಸಿದವರು ಗೊತ್ತಿಲ್ಲ.

ಉಗ್ರಾಣ, ದಾರಿ ಎರಡನ್ನೂ ಒಂದೇ ಕಡೆ ಹೆಣೆಯಲು ಹೊರಟದ್ದು, ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಇಯಾನ್ ಕ್ಲಾರ್ಕ್ 1999ರಲ್ಲಿ ವಿನ್ಯಾಸಗೊಳಿಸಿದ ಫ್ರೀನೆಟ್. ನನ್ನ ಮಟ್ಟಿಗೆ ಇದು ಬಹಳ ಸೊಗಸಾದ ಕಲ್ಪನೆ: ಪಕ್ಕದ ಯಂತ್ರ ಕೇಳಿದ ಕಡತ ಅದಕ್ಕೇ ಬೇಕೋ, ಬೇರೆಯವರ ಪರವಾಗಿ ಕೇಳುತ್ತಿದೆಯೋ ಎಂಬುದು ಸುಲಭಕ್ಕೆ ತಿಳಿಯದು, ಕಡತ ಸಾಗಿದ ದಾರಿಯುದ್ದಕ್ಕೂ ಪ್ರತಿಗಳು ಉಳಿಯುತ್ತವೆ. ಆದರೆ ಯಾರೂ ಕೇಳದ ಕಡತ, ಜಾಗ ಸಾಲದಾದಾಗ ಮೆಲ್ಲನೆ ಅಳಿದುಹೋಗಬಹುದು.

ಟಾರ್‌ಗೂ ಮಿತಿಯಿದೆ ಎಂಬುದನ್ನು ನಿಮ್ಮ ಗೆಳೆಯರಿಗೆ ತಪ್ಪದೆ ತಿಳಿಸಿ. ಜಾಲವನ್ನು ಹೊಕ್ಕುವ ತುದಿಯನ್ನೂ ಹೊರಬೀಳುವ ತುದಿಯನ್ನೂ ಒಟ್ಟಿಗೆ ಕಾಯುವವರು, ಸಂದೇಶವನ್ನು ಓದದೆಯೇ, ಬರುವ ಹೋಗುವ ಹೊತ್ತನ್ನು ತಾಳೆ ನೋಡಿ ಕಳಿಸಿದವರನ್ನು ಪತ್ತೆಹಚ್ಚಬಲ್ಲರು. ಇದನ್ನು ವಿನ್ಯಾಸಕಾರರೇ 2004ರ ಆ ಪ್ರಬಂಧದಲ್ಲಿ ಒಪ್ಪಿಕೊಂಡಿದ್ದಾರೆ.