ಬ್ರೆಡ್‌ಗೆ ರೆಡ್ ಎಂದ ಹುಡುಗಿಯೇ ಸರಿ

ಆತ್ಮೀಯರೇ, ನಮಸ್ಕಾರ.

ಇಂಗ್ಲಿಷ್ ಪದವೊಂದನ್ನು ಕೊಟ್ಟರೆ ಅದಕ್ಕೆ ಪ್ರಾಸವಾಗುವ ಪದಗಳನ್ನು ಕನ್ನಡ ಮಾಧ್ಯಮದ ಮಕ್ಕಳು ಹುಡುಕುವುದು ಹೇಗೆ ಎಂಬ ನಿಮ್ಮ ಲೇಖನವನ್ನೂ, ಜೊತೆಗಿಟ್ಟ 40 ಜೋಡಿಗಳ ಪಟ್ಟಿಯನ್ನೂ ಎರಡು ಸಲ ಓದಿದೆ. ಎರಡನೆಯ ಸಲ ಗಟ್ಟಿಯಾಗಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಕಾರಣವನ್ನು ಬಿಡಿಸಿ ಬರೆಯುತ್ತಿದ್ದೇನೆ, ಏಕೆಂದರೆ ಶಿಕ್ಷಕರಿಗೆ ಇಂಥದೊಂದು ಲೇಖನ ಬೇಕೇ ಬೇಕು, ಅದನ್ನು ನೀವೇ ಬರೆಯಬೇಕೆಂಬ ಆಸೆ ನನ್ನದು.

'ಕೊನೆಯ ಮೂರು ಅಕ್ಷರಗಳು ಒಂದೇ ಆಗಿದ್ದರೆ ಅದು ಪ್ರಾಸ' ಎಂದು ಮೊದಲ ಪುಟದಲ್ಲೇ ನಿಯಮ ಹೇಳಿದ್ದೀರಿ. ಲೇಖನ ಎಡವಿರುವುದು ಅಲ್ಲೇ. ಬರೆದಂತೆ ಓದುವ ಲಿಪಿಯಲ್ಲಿ ಬೆಳೆದ ನಮಗೆ ಅಕ್ಷರವನ್ನು ನಂಬುವುದು ಅಭ್ಯಾಸವಾಗಿಬಿಟ್ಟಿದೆ. ಇಂಗ್ಲಿಷ್ ಆ ನಂಬಿಕೆಯನ್ನು ಉಳಿಸಿಕೊಡುವುದಿಲ್ಲ. ನಿಮ್ಮ ಏಳನೆಯ ಜೋಡಿ ನೋಡಿ: ಗ್ರೇಟ್ ಮತ್ತು ಮಾಂಸ ಎಂಬರ್ಥದ ಮೀಟ್. ಎರಡೂ ಇ, ಎ, ಟಿ ಎಂದು ಮುಗಿಯುತ್ತವೆ, ನಿಜ. ಬಾಯಿಬಿಟ್ಟು ಹೇಳಿದರೆ ಒಂದಕ್ಕೊಂದು ಸೇರುವುದೇ ಇಲ್ಲ. ಗ್ರೇಟ್‌ಗೆ ಸೇರುವುದು ಲೇಟ್, ವೇಟ್, ಸ್ಟ್ರೇಟ್. ಇನ್ನು ಒ, ಯು, ಜಿ, ಎಚ್ ಎಂಬ ಬಾಲದ ಪದಗಳನ್ನು ನೀವು ಒಂದೇ ಕಟ್ಟಿಗೆ ಕಟ್ಟಿದ್ದೀರಿ. ಕೆಮ್ಮು ಎನ್ನುವ ಕಾಫ್ ಸೇರುವುದು ಆಫ್ ಜೊತೆ, ರಫ್ ಸೇರುವುದು ಸ್ಟಫ್ ಜೊತೆ, ಥ್ರೂ ಬ್ಲೂ ಜೊತೆ, ದೋ ಗೋ ಜೊತೆ. ಬಾಲ ಒಂದೇ ಆದರೂ ನಾಲ್ಕೂ ಹೋಗಿ ಸೇರುವುದು ಬೇರೆ ಬೇರೆ ಮನೆಗೆ.

ಬಾಲ ನೋಡಿ ಜೋಡಿಸುವ ಕ್ರಮ ನೀವು ಕಂಡುಹಿಡಿದದ್ದೇನೂ ಅಲ್ಲ. 1775ರಲ್ಲಿ ಜಾನ್ ವಾಕರ್ ಹೊರತಂದ ಪ್ರಾಸ ನಿಘಂಟಿನಲ್ಲೂ ಪದಗಳನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ನೋಡಿ ಜೋಡಿಸಲಾಗಿದೆ. ಆದರೆ ವಾಕರ್ ಉಚ್ಚಾರಣೆಯ ಪಂಡಿತ. ಪೂರ್ಣಪ್ರಾಸ ಯಾವುದು, ನಡೆದೀತು ಎನ್ನಬಹುದಾದದ್ದು ಯಾವುದು ಎಂದು ಬೇರ್ಪಡಿಸಿಯೂ ತೋರಿಸಿದ. ನಿಮ್ಮ ಪಟ್ಟಿಯಲ್ಲಿ ಆ ಎರಡನೆಯ ಕೆಲಸ ಆಗಿಲ್ಲ.

ನಿಯಮವನ್ನು ಹೀಗೆ ತಿದ್ದಿಕೊಳ್ಳಿ: ಪದದಲ್ಲಿ ಒತ್ತು ಬೀಳುವ ಸ್ವರದಿಂದ ಕೊನೆಯವರೆಗೆ ಧ್ವನಿ ಒಂದೇ ಇರಬೇಕು, ಆ ಸ್ವರಕ್ಕೆ ಮುಂಚಿನ ವ್ಯಂಜನ ಮಾತ್ರ ಬೇರೆಯಾಗಿರಬೇಕು. ನಮ್ಮ ಹಳೆಯ ಆದಿಪ್ರಾಸಕ್ಕೆ ಇದು ಹೆಚ್ಚುಕಡಿಮೆ ತದ್ವಿರುದ್ಧ. ಅಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ವ್ಯಂಜನ ಅದೇ ಇರಬೇಕು, ಅದರ ಸ್ವರ ಬದಲಾದರೂ ಚಿಂತೆಯಿಲ್ಲ. ಹಿಂದಿನ ಅಕ್ಷರ ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜಪ್ರಾಸ. ನಮ್ಮವರು ಸಾಲಿನ ತಲೆಯಲ್ಲಿ ವ್ಯಂಜನವನ್ನು ಕಾದರು, ಇಂಗ್ಲಿಷಿನವರು ಸಾಲಿನ ಬಾಲದಲ್ಲಿ ಸ್ವರವನ್ನು ಕಾಯುತ್ತಾರೆ. ಇಷ್ಟು ಹೇಳಿದರೆ ಕನ್ನಡ ಶಿಕ್ಷಕರಿಗೆ ತಟ್ಟನೆ ಹೊಳೆಯುತ್ತದೆ.

ಹುಡುಕುವ ದಾರಿಯೂ ನಮ್ಮ ತರಗತಿಯ ಗೋಡೆಯ ಮೇಲೇ ಇದೆ. ಕಾಗುಣಿತದ ಪಟದಲ್ಲಿ ಅಡ್ಡಸಾಲು ಓದಿದರೆ ವ್ಯಂಜನ ನಿಲ್ಲುತ್ತದೆ, ಸ್ವರ ಬದಲಾಗುತ್ತದೆ: ಕ, ಕಾ, ಕಿ, ಕೀ. ಪ್ರಾಸಕ್ಕೆ ಬೇಕಾದದ್ದು ಕಂಬಸಾಲು. ನೈಟ್ ಎಂಬ ಪದ ಕೊಟ್ಟರೆ 'ಐಟ್' ಎಂಬುದನ್ನು ಬಿಗಿಯಾಗಿ ಹಿಡಿದು ವ್ಯಂಜನಗಳ ಮೇಲೆ ಕೆಳಗಿಳಿಯಬೇಕು. ಕೈಟ್ ಇದೆ. ಗೈಟ್ ಇಲ್ಲ. ಟೈಟ್ ಇದೆ. ಹಾಗೇ ಫೈಟ್, ಬೈಟ್, ಮೈಟ್, ರೈಟ್, ಲೈಟ್, ವೈಟ್, ಸೈಟ್, ಹೈಟ್. ಆಮೇಲೆ ಒತ್ತಕ್ಷರಗಳು: ಕ್ವೈಟ್, ಫ್ಲೈಟ್, ಬ್ರೈಟ್, ಸ್ಪೈಟ್, ಸ್ಲೈಟ್. ನಿಘಂಟನ್ನು ಮುಟ್ಟದೆ 15 ಪದ ಸಿಕ್ಕವು. ಈ ಆಟವನ್ನು ಮಕ್ಕಳ ಕೈಗೆ ಕೊಡಿ, ಪಟ್ಟಿಯನ್ನಲ್ಲ.

ಒಂದು ಎಚ್ಚರಿಕೆ ಇದೆ, ಅದನ್ನು ಲೇಖನದಲ್ಲಿ ಬರೆಯಲೇಬೇಕು. ನಾವು ಕನ್ನಡಕ್ಕೆ ಒಗ್ಗಿಸಿಕೊಂಡು ಉಚ್ಚರಿಸುವ ಪದಗಳು ದಾರಿ ತಪ್ಪಿಸುತ್ತವೆ. ಚಾಕೊಲೇಟ್‌ಗೆ ಲೇಟ್, ವಿಲೇಜ್‌ಗೆ ಏಜ್ ಎಂದು ಬರೆದಿದ್ದೀರಿ. ಇಂಗ್ಲಿಷಿನಲ್ಲಿ ಈ ಎರಡು ಪದಗಳಿಗೂ ಒತ್ತು ಮೊದಲಿಗೆ ಬಿದ್ದು ಕೊನೆ ಸಣ್ಣಗಾಗುತ್ತದೆ: ಚಾಕ್ಲಟ್, ವಿಲಿಜ್. ಅದೇ ಕಾರಣಕ್ಕೆ ಕಾಲೇಜ್, ನಾಲೆಡ್ಜ್ ಎಂಬ ಚೆಂದದ ಜೋಡಿ ನಿಮ್ಮ ಕೈತಪ್ಪಿದೆ. ಅವು ಕಾಲಿಜ್, ನಾಲಿಜ್. ಕನ್ನಡದ ಶಿಶುಗೀತೆಯಲ್ಲಾದರೆ ಚಾಕೊಲೇಟಿಗೆ ಲೇಟು ಜೋಡಿಸಿದರೆ ನಾನು ಸಂತೋಷದಿಂದ ಒಪ್ಪುತ್ತೇನೆ, ಅಲ್ಲಿ ಅದು ನಮ್ಮದೇ ಪದ. ಯಾವ ಕಿವಿಗೆ ಬರೆಯುತ್ತಿದ್ದೇವೆ ಎಂಬುದು ಮೊದಲು ನಿಶ್ಚಯವಾಗಲಿ. ಇಂಗ್ಲಿಷಿನ ಕಿವಿಯೂ ಒಂದೇ ಅಲ್ಲ: ಗುಮಾಸ್ತ ಎಂಬರ್ಥದ ಪದ ಇಂಗ್ಲೆಂಡಿನಲ್ಲಿ ಡಾರ್ಕ್ ಜೊತೆ ಸೇರುತ್ತದೆ, ಅಮೆರಿಕದಲ್ಲಿ ವರ್ಕ್ ಜೊತೆ. ನೀವು ಕಂಪ್ಯೂಟರಿನಲ್ಲಿ ಹುಡುಕಿ ಎಂದು ಸಲಹೆ ಕೊಡುವಾಗ ಇದನ್ನೂ ಸೇರಿಸಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಉಚ್ಚಾರಣಾ ನಿಘಂಟಿನಲ್ಲಿ 1.34 ಲಕ್ಷಕ್ಕೂ ಹೆಚ್ಚು ಪದಗಳಿವೆ, ಒತ್ತು ಎಲ್ಲಿ ಬೀಳುತ್ತದೆಂಬ ಗುರುತೂ ಇದೆ, ಆದರೆ ಅದು ಉತ್ತರ ಅಮೆರಿಕದ ಉಚ್ಚಾರಣೆ.

ಮಂತ್ ಪದಕ್ಕೆ ಫ್ರಂಟ್ ಎಂದದ್ದನ್ನು ತೆಗೆದುಬಿಡಿ. ಬಳಕೆಯ ಇಂಗ್ಲಿಷಿನಲ್ಲಿ ಮಂತ್‌ಗೆ ಪೂರ್ಣಪ್ರಾಸವೇ ಇಲ್ಲ. ಅಂಥ ಪದವನ್ನು ಸಾಲಿನ ಕೊನೆಗೆ ನಿಲ್ಲಿಸದೆ ಒಳಕ್ಕೆ ಎಳೆದುಕೊಳ್ಳಬೇಕು ಎಂದು ಹೇಳಿದರೆ ಸಾಕು.

ಕೊನೆಯ ಪುಟದ ಘಟನೆಗೆ ಬರುತ್ತೇನೆ. ಬ್ರೆಡ್‌ಗೆ ಪ್ರಾಸ ಕೇಳಿದಾಗ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು 'ರೆಡ್' ಎಂದಳು, ಸ್ಪೆಲ್ಲಿಂಗ್ ಬೇರೆ ಎಂದು ನೀವು ತಪ್ಪು ಹಾಕಿ, ಮಣಿ ಎಂಬರ್ಥದ ಬೀಡ್ ಪದವನ್ನು ಬರೆಸಿದಿರಿ. ಓದಿ ನನಗೆ ಸಂಕಟವಾಯಿತು. ಅವಳು ಕಿವಿಯಿಂದ ಉತ್ತರಿಸಿದ್ದಳು, ಅವಳ ಉತ್ತರವೇ ಸರಿ. ಹೊಸ ಲೇಖನವನ್ನು ಅವಳಿಂದಲೇ ಆರಂಭಿಸಿ. ಅದಕ್ಕೂ ಮೊದಲು ಅವಳನ್ನು ಕರೆದು, ಆ ತಪ್ಪುಗುರುತನ್ನು ಅವಳೆದುರೇ ಅಳಿಸಿ ಸರಿ ಹಾಕಿ. ನಿಮ್ಮ ಎರಡನೆಯ ಕರಡಿಗಾಗಿ ಕಾಯುತ್ತಿರುತ್ತೇನೆ.

ನಿಮ್ಮ ವಿಶ್ವಾಸಿ,
ಸಂಪಾದಕ